ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ

ಊರಿಗೆಲ್ಲ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಅದನ್ನು ಸ್ವಂತಕ್ಕೆ ಬಳಸಿಕೊಳ್ಳುವ ಪ್ರಸಂಗ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಹಂಪಿ ದಾರಿಯ ಕಡ್ಡಿರಾಂಪುರದಲ್ಲಿ ನಾನು ಶಾಲೆಯ ಮೇಷ್ಟ್ರು, ಸರ್ಕಾರದ ಕರಪತ್ರಗಳನ್ನು ಊರವರಿಗೆ ಓದಿ ಹೇಳುವ ಕೆಲಸವೂ ನನ್ನದೇ. ಹುಚ್ಚುನಾಯಿಯ ಕರಪತ್ರವನ್ನು ಎಷ್ಟು ಅಭಿನಯಪೂರ್ವಕವಾಗಿ ಓದಿದೆನೆಂದರೆ, ಗುಡಿಕಟ್ಟೆಯ ಮೇಲಿದ್ದವರೆಲ್ಲ ಕಾಲು ಮೇಲೆತ್ತಿಕೊಂಡು ಕೂತರು. ನಾಯಿ ಕಚ್ಚಿದರೆ ಸಬಕಾರ ಹಚ್ಚಿ ತೊಳೆಯಬೇಕು, ಖಾರದಪುಡಿ ಮೆತ್ತಬಾರದು, ಏಳು ಬಾವಿಗಳಲ್ಲಿ ಇಣುಕಿದರೆ ವಿಷ ಇಳಿಯುತ್ತದೆಂಬುದು ಸುಳ್ಳು, ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಸೂಜಿಗಾಗಿ ನೀಲಗಿರಿಯ ಕೂನೂರಿನವರೆಗೆ ರೈಲಿನಲ್ಲಿ ಹೋಗಬೇಕಿತ್ತು, ಈಗ ಹೊಸಪೇಟೆಯಲ್ಲೇ ಹಾಕುತ್ತಾರೆ, ನಿಮಗೇನು ಕಷ್ಟ ಎಂದು ಗದರಿಸಿಯೂ ಇದ್ದೆ.

ತಿಂಗಳೊಳಗೆ ನೆರೆಮನೆಯ ಬಂಡಿ ಕೊಟ್ರಪ್ಪನ ನಾಯಿ ಕರಿಯ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ತಪ್ಪು ನನ್ನದೇ, ಮಲಗಿದ್ದ ಅದರ ಬಾಲ ತುಳಿದಿದ್ದೆ. ಗಾಯ ತೊಳೆದೆ. ಖಾರದಪುಡಿಯ ಬಟ್ಟಲು ಹಿಡಿದು ಬಂದ ಅವ್ವನನ್ನು ಒಳಗೆ ಕಳಿಸಿದೆ. ಅಲ್ಲಿಯವರೆಗೆ ಕರಪತ್ರದಂತೆಯೇ ನಡೆದೆ. ಆದರೆ ಹೊಸಪೇಟೆಯ ಡಾಕ್ಟರು ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಎಂದಾಗ ಕಾಲಿನ ನೋವು ತಟ್ಟನೆ ಮಾಯವಾಯಿತು. "ಇವತ್ತೇ ಶುರು ಮಾಡೋಣ. ನಾಯಿಯನ್ನ ಕಟ್ಟಿಹಾಕಿ ನೋಡ್ತಾ ಇರಿ. ಹತ್ತು ದಿನ ಅದು ಸರಿಯಾಗಿದ್ರೆ ಸೂಜಿ ನಿಲ್ಲಿಸೋಣ" ಎಂದರು. ನಾನು ಆ ಮಾತಿನ ಕೊನೆಯ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ. ನಾಳೆ ಬರುತ್ತೇನೆಂದು ಹೇಳಿ ಜಾಗ ಖಾಲಿ ಮಾಡಿದೆ. ನಾಯಿ ಕಟ್ಟಿದರೆ ಸಾಕಂತೆ, ಸೂಜಿ ಬೇಡವಂತೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ.

ಅಂದಿನಿಂದ ಕರಿಯನಿಗೆ ಅಳಿಯನ ಉಪಚಾರ. ಹತ್ತು ದಿನ ಅದು ಚೆನ್ನಾಗಿದ್ದರೆ ನಾನು ಬದುಕಿದೆ. ಹಾಲು ಅನ್ನ, ಬೆಣ್ಣೆ ಸವರಿದ ರೊಟ್ಟಿ, ಮೇಲೆ ತುಪ್ಪದ ಹೋಳಿಗೆ. ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ನಡುವೆ ಓಡಿಬಂದು ಅದರ ಬಾಲ ಅಲ್ಲಾಡುತ್ತಿದೆಯೇ ಎಂದು ನೋಡಿ ಹೋಗುತ್ತಿದ್ದೆ. "ನಮ್ಮಣ್ಣ ಬಂದಾಗರ ಇಷ್ಟು ತುಪ್ಪ ಬಿದ್ದಿತ್ತೇನ್ರಿ?" ಎಂದಳು ನನ್ನ ಹೆಂಡತಿ ನೀಲಮ್ಮ.

ಐದನೆಯ ದಿನ ಬೆಳಿಗ್ಗೆ ಕರಿಯ ಹೋಳಿಗೆ ಮೂಸಿ ಮುಖ ತಿರುಗಿಸಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಕರಪತ್ರದ ಕೊನೆಯ ಸಾಲು, ರೋಗ ಕಾಣಿಸಿಕೊಂಡ ಮೇಲೆ ಔಷಧವಿಲ್ಲ ಎಂಬುದು, ನನ್ನದೇ ದನಿಯಲ್ಲಿ ಕೇಳಿಸತೊಡಗಿತು. ಆ ಹೊತ್ತು ನಿಜವಾಗಿ ಸಾವಿಗೆ ಹೆದರಿದೆ. "ಏಳು ಬಾವಿ ನೋಡ್ಕಂಡ್ ಬಾರಪ್ಪ, ಅದ್ರಾಗ ಹೋಗೋದೇನೈತಿ" ಎಂದಳು ಅವ್ವ. ಊರಿಗೆ ಬುದ್ಧಿ ಹೇಳಿದ ಮೇಷ್ಟ್ರಾದ ನಾನು ಬಾವಿಗಳ ಕಡೆ ಹೊರಟೆ.

ಮೂರನೆಯ ಬಾವಿಯ ಕಟ್ಟೆಯ ಮೇಲೆ ಬಗ್ಗಿದ್ದಾಗ ನೀಲಮ್ಮ ಕೊಡ ಹೊತ್ತು ಬಂದಳು. "ಬಾವ್ಯಾಗ ಏನ್ ಹುಡುಕಾಕತ್ತೀರಿ?" ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ, ಕೊಡ ಅಲ್ಲೇ ಇಟ್ಟು ಕೊಟ್ರಪ್ಪನ ಬಂಡಿ ಕಟ್ಟಿಸಿದಳು. ದಾರಿಯುದ್ದಕ್ಕೂ ಅವನದೊಂದೇ ಗೋಳು: "ಅಂಬಲಿ ಕುಡಿಯೋ ನಾಯಿರಿ ಅದು ಮೇಷ್ಟ್ರೆ. ಹೋಳಿಗಿ ತಿನ್ಸಿ ತಿನ್ಸಿ ಹೊಟ್ಟಿ ಕೆಡ್ಸಿಬಿಟ್ರಿ."

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮೂರ ಮುದುಕಿ ಹುಲಿಗೆಮ್ಮ ಕೂತಿದ್ದಳು. ಯಾವುದೋ ಬೀದಿನಾಯಿ ಕಚ್ಚಿ ಓಡಿಹೋಗಿತ್ತಂತೆ. ದಿನಾ ನಡೆದೇ ಬಂದು ಒಂಬತ್ತು ಸೂಜಿ ಮುಗಿಸಿದ್ದಳು. "ನೀವು ಕಟ್ಟಿಮ್ಯಾಲ ಹೇಳಿದ್ರೆಲ್ರಿ, ಕಚ್ಚಿದವತ್ತ ಬಂದೆ. ನಿಮಗ ಯಾರ್ ಹೇಳಿದ್ರಿ ಮೇಷ್ಟ್ರೆ?" ನಾನು ನೀಲಮ್ಮನ ಕಡೆ ನೋಡಿದೆ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಒಳಗೆ ಕರೆದಾಗ ಮುದುಕಿ ಧೈರ್ಯವನ್ನೂ ಹೇಳಿದಳು: "ಹೊಟ್ಟಿ ಬಿಗಿ ಹಿಡೀಬ್ಯಾಡ್ರಿ, ಭಾಳ ನೋಯಾಂಗಿಲ್ಲ."

ಭಾಳವೇ ನೋಯಿತು. ಕರಿಯನ ಹೊಟ್ಟೆ ಎರಡು ದಿನದಲ್ಲಿ ಸರಿಹೋಯಿತು. ಹತ್ತನೆಯ ದಿನವೂ ಅದು ಗಟ್ಟಿಮುಟ್ಟಾಗಿದ್ದುದರಿಂದ ನನಗೆ ಆರನೆಯ ಸೂಜಿಗೇ ಬಿಡುಗಡೆಯಾಯಿತು. ಹುಲಿಗೆಮ್ಮ ಹದಿನಾಲ್ಕನ್ನೂ ಮುಗಿಸಿದಳು. ಕಟ್ಟೆಯ ಮೇಲೆ ಕರಪತ್ರ ಓದುವ ಕೆಲಸ ಈಗಲೂ ನನ್ನದೇ. "ಅಂದೇ ಆಸ್ಪತ್ರೆಗೆ ಹೋಗಬೇಕು" ಎಂಬಲ್ಲಿಗೆ ಬಂದಾಗ ಹಿಂದಿನಿಂದ ಹುಲಿಗೆಮ್ಮನ ದನಿ ಬರುತ್ತದೆ: "ಯಾವತ್ತು ಅಂದ್ರಿ ಮೇಷ್ಟ್ರೆ?" "ಅಂದೇ" ಎಂದು ನಾನು ಇನ್ನೊಮ್ಮೆ ಓದುತ್ತೇನೆ, ತುಸು ಮೆಲ್ಲಗೆ.