ಆರತಿ ಇಲ್ಲದೆ ಲಾರಿ ಇಳಿಯದ ಕುದುರೆಯ ಸಾಗಾಟದ ಕುರಿತು

ಕ್ರಮಾಂಕ: ಕುಸಾ/ನಾಕಾ/ಆರತಿ/1984-85

ವಿಷಯ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮದುವೆಯ ಕುದುರೆಗಳನ್ನು ಸುರಕ್ಷಿತವಾಗಿ, ದಯೆಯಿಂದ ಸಾಗಿಸುವ ಬಗ್ಗೆ.

ಉಲ್ಲೇಖ: 1) ಹಿಂದಿನ ಸುತ್ತೋಲೆ (ಕುದುರೆ ತಿಂದಿದೆ). 2) ಆಳಂದದ ಚಮನಸಾಬ ಅವರ ಮನವಿ.

ಚಮನಸಾಬ ಅವರು ವರನ ಮೆರವಣಿಗೆಗೆಂದು ತಮ್ಮ ಬಿಳಿ ಕುದುರೆ ಮೋತಿಯನ್ನು ಲಾರಿಯಲ್ಲಿ ಯಡ್ರಾಮಿಗೆ ಒಯ್ಯುತ್ತಿದ್ದಾಗ, ದಾರಿಯ ತಪಾಸಣಾ ನಾಕಾದ ಮೇಲ್ವಿಚಾರಕ ರೇವಣಪ್ಪ ಅವರು ನಿಯಮದಂತೆ ಕುದುರೆಯನ್ನು ಇಳಿಸಿ ನೀರು ಕುಡಿಸಲು ಆದೇಶಿಸಿದರು. ಕುದುರೆ ಇಳಿಯಲಿಲ್ಲ. ಚಮನಸಾಬ ಅವರ ಸಾಗಾಟದ ಪರವಾನಗಿಯನ್ನು ಕಸಿದುಕೊಳ್ಳಲಾಯಿತು. ಅತ್ತ ವರ ಬಾಸಿಂಗ ಕಟ್ಟಿಕೊಂಡು ಕಾಯುತ್ತಿದ್ದ. ಇತ್ತ ಪರವಾನಗಿ ಹೋದರೆ ಮೋತಿಯನ್ನು ಮಾರದೆ ಗತ್ಯಂತರವಿರಲಿಲ್ಲ. ಚಮನಸಾಬ ಅವರು ಕೈಮುಗಿದದ್ದು ಪಂಚನಾಮೆಯಲ್ಲಿ ದಾಖಲಾಗಿದೆ. ನಡೆದ ಮಾತು ಈ ಕೆಳಗಿನಂತಿದೆ:

ಚಮನಸಾಬ: "ಆರತಿ ಬೆಳಗಲಾರ್ದ ಇಳಿಯಂಗಿಲ್ರಿ ಸಾಹೇಬ್ರ. ಲಾರಿ ಎಲ್ಲಿ ನಿಂತರೂ ಬೀಗರ ಮನಿ ಅಂತ ತಿಳಕೊಂತದ."

ರೇವಣಪ್ಪ: "ಇದು ಬೀಗರ ಮನಿ ಏನಲೇ? ಸರಕಾರಿ ನಾಕಾ ಅದ!"

ಚಮನಸಾಬ: "ನನಗ ಗೊತ್ತದ್ರಿ. ಅದಕ್ಕ ನೀವೇ ಹೇಳ್ರಿ."

ರೇವಣಪ್ಪ ಅವರು ಕುದುರೆಯ ಮುಂದೆ ನಿಂತು ಸುತ್ತೋಲೆಯನ್ನು ಓದಿದರು. ಉಲ್ಲೇಖ 1 ಲಭ್ಯವಿಲ್ಲದಿರುವುದಕ್ಕೆ ಇದೇ ಕಾರಣ. ಕಡೆಗೆ ನಾಕಾದಲ್ಲಿ ಕಸಗುಡಿಸುವ ಕಸ್ತೂರಿಬಾಯಿ ಅವರು ಬುತ್ತಿಯ ತಾಟಿನಲ್ಲಿ ದೀಪ ಹಚ್ಚಿ ಬೆಳಗಲು, ಕುದುರೆ ಗಂಭೀರವಾಗಿ ಇಳಿದು ನೀರು ಕುಡಿಯಿತು. ಆದರೆ ಲಗ್ನ ಮುಗಿಯದೆ ಹೊರಡುವ ರೂಢಿ ಅದಕ್ಕಿಲ್ಲದ್ದರಿಂದ, ಅಕ್ಷತೆ ಬೀಳುವ ತನಕ ಮರಳಿ ಹತ್ತಲಿಲ್ಲ. ಕಸ್ತೂರಿಬಾಯಿ ಅವರು ಮೇಲ್ವಿಚಾರಕರಿಗೆ, "ನಿಂದರ್ರಿ ಸುಮ್ನ. ನಿಮಗೂ ಇನ್ನಾ ಲಗ್ನ ಆಗಿಲ್ಲ, ಕುದುರಿಗೂ ಹೊತ್ತಾಗ್ಯಾದ" ಎಂದು ಹೇಳಿ ಅವರ ತಲೆಗೆ ಅಕ್ಕಿಕಾಳು ಹಾಕಿದರು. ಕುದುರೆ ತಾನಾಗಿ ಲಾರಿ ಹತ್ತಿ, ಮುಹೂರ್ತಕ್ಕೆ ಮೊದಲೇ ಯಡ್ರಾಮಿ ಸೇರಿತು.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಲಾರಿಯಲ್ಲಿ ದಪ್ಪಗೆ ಹುಲ್ಲು ಹಾಸತಕ್ಕದ್ದು. ಡ್ರೈವರನು ಬಾಜಾದ ತಾಳದಲ್ಲಿ ಹಾರ್ನ್ ಬಾರಿಸತಕ್ಕದ್ದಲ್ಲ. ಕುದುರೆ ಕುಣಿಯುತ್ತದೆ, ಲಾರಿ ವಾಲುತ್ತದೆ.

2. ದಾರಿಯಲ್ಲಿ ಕೈಮಾಡಿ ಹತ್ತಿದವರು ಕುದುರೆಯ ನೆನೆಗಡಲೆಗೆ ಕೈ ಹಾಕತಕ್ಕದ್ದಲ್ಲ. ಜಾಗ ಸಾಲದೆಂದು ಬೀಗರಂತೆ ಮುನಿಸಿಕೊಳ್ಳುವುದನ್ನೂ ನಿಷೇಧಿಸಲಾಗಿದೆ.

3. ಪ್ರತಿ ನಾಕಾದಲ್ಲಿ ಆರತಿ ತಾಟು ಇರತಕ್ಕದ್ದು. ಇದರ ಖರ್ಚನ್ನು 'ವಾಹನ ದುರಸ್ತಿ'ಯಲ್ಲಿ ತೋರಿಸುವುದು.

4. ಅಕ್ಷತೆಗೆ ಅವಿವಾಹಿತ ನೌಕರರನ್ನೇ ನಿಲ್ಲಿಸತಕ್ಕದ್ದು. ವಿವಾಹಿತರು ನಿಲ್ಲುವುದಾದರೆ ಮನೆಯವರ ಒಪ್ಪಿಗೆ ಲಗತ್ತಿಸುವುದು.

5. ರೇವಣಪ್ಪ ಅವರ ತಲೆಗೆ ಕರ್ತವ್ಯದ ವೇಳೆಯಲ್ಲೇ ಅಕ್ಷತೆ ಬಿದ್ದಿರುವುದರಿಂದ, ಮುಂದೆ ಅವರು ಮದುವೆಗಾಗಿ ಕೋರುವ ರಜೆಯನ್ನು ಈಗಾಗಲೇ ಬಳಸಿದ್ದೆಂದು ಪರಿಗಣಿಸಲಾಗುವುದು.

6. ದಣಿದು ಬಂದ ಬಾಯಿಲ್ಲದ ಜೀವವು ಬಾಗಿಲಲ್ಲಿ ಮರ್ಯಾದೆ ಬಯಸುವುದು ತಪ್ಪಲ್ಲವೆಂದೂ, ಬಂದವರನ್ನು ಬರಮಾಡಿಕೊಳ್ಳುವುದು ಶಿವನಿಗೂ ಇಲಾಖೆಗೂ ಒಪ್ಪಿತವೆಂದೂ ಮನಗಂಡು, ಚಮನಸಾಬ ಅವರ ಪರವಾನಗಿಯನ್ನು ಮರಳಿಸಲಾಗಿದೆ.

ಸಹಿ/-
ಅಧೀಕ್ಷಕರು, ಪ್ರಾಣಿ ಸಾಗಾಟ ಶಾಖೆ

ಪ್ರತಿಗಳು:
ಕಸ್ತೂರಿಬಾಯಿ ಅವರಿಗೆ, ಬುತ್ತಿಯ ತಾಟಿನ ಸಹಿತ.
ರೇವಣಪ್ಪ ಅವರಿಗೆ, ಅಭಿನಂದನೆಗಳೊಂದಿಗೆ.
ಚಮನಸಾಬ ಅವರಿಗೆ, ಪರವಾನಗಿ ಸಹಿತ.
ಮೋತಿಗೆ: ಚಮನಸಾಬ ಅವರು ದೂರದಿಂದ ಓದಿ ಹೇಳುವುದು.