ಎಡಗಡೆ ಸ್ಟೇರಿಂಗಿನ ಮೋಟಾರು

ಶಾಂತಲಿಂಗಪ್ಪ ಕೊಂಡ ಮೋಟಾರಿಗೆ ಸ್ಟೇರಿಂಗು ಎಡಗಡೆ ಇತ್ತು. ಆ ಆಯಿತವಾರದ ಫಜೀತಿಗೆಲ್ಲ ಅಷ್ಟೇ ಕಾರಣ.

ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಅವನದು ಚಾದರದ ಅಂಗಡಿ. ಎಪ್ಪತ್ತನಾಲ್ಕರಲ್ಲಿ ಪೆಟ್ರೋಲಿನ ದರ ಏರಿದ್ದೇ ತಡ, ಮುಂಬಯಿಯ ಶ್ರೀಮಂತರು ತಮ್ಮ ಅಮೇರಿಕನ್ ಗಾಡಿಗಳನ್ನು ಯಾರಾದರೂ ಒಯ್ದರೆ ಸಾಕು ಎನ್ನತೊಡಗಿದರು. ಹಾಗೆ ಒಬ್ಬ ಪಾರ್ಸಿ ಮುದುಕನಿಂದ, ಹೊಸ ಫಿಯಾಟಿಗಿಂತ ಅಗ್ಗದಲ್ಲಿ, ಎಂಟು ಸಿಲಿಂಡರಿನ ಒಂದು ಕೆಂಪು ಗಾಡಿ ಅವನಿಗೆ ಸಿಕ್ಕಿತು. ಚಾಲೂ ಮಾಡಿದರೆ ನಾಲ್ಕು ಹಿಟ್ಟಿನ ಗಿರಣಿ ಒಮ್ಮೆಲೇ ತಿರುಗಿದ ಸಪ್ಪಳ. ವಾರದ ಆರು ದಿನ ಅದು ತಾಡಪತ್ರಿಯ ಕೆಳಗೆ ಮಲಗುತ್ತಿತ್ತು, ಏಳನೆಯ ದಿನ ಶಾಂತಲಿಂಗಪ್ಪ ಅದನ್ನು ತಾನೇ ಹೊಡೆಯುತ್ತಿದ್ದ. ಡ್ರೈವರನನ್ನು ಇಟ್ಟುಕೊಳ್ಳಿ ಎಂದವರಿಗೆ, "ಹುಲಿ ಸಾಕಿದಾಂವ ಅದರ ಸರಪಳಿ ಮಂದಿ ಕೈಯಾಗ ಕೊಡ್ತಾನೇನು?" ಎನ್ನುತ್ತಿದ್ದ.

ಆ ದಿನ ಅಕ್ಕಲಕೋಟೆಯ ಷಡ್ಡಕ ಭೀಮಶಾನ ಮನೆಗೆ ಹೊರಟಿದ್ದರು. ಭೀಮಶಾ ಶಾಂತಲಿಂಗಪ್ಪನ ಹೆಂಡತಿ ನೀಲಾಬಾಯಿಯ ಅಕ್ಕ ಕಸ್ತೂರಬಾಯಿಯ ಗಂಡ. ಹದಿನೆಂಟು ವರ್ಷಗಳಿಂದ, "ನಮ್ಮ ಶಾಂತಲಿಂಗಪ್ಪಗ ಗಜಕಡ್ಡಿ ಒಂದ ಹಿಡ್ಯಾಕ ಬರ್ತದ" ಎಂದು ನಗುತ್ತ ಬಂದವನು. ಇವತ್ತು ಅವನ ಕಣ್ಣೆದುರು ಗಾಡಿ ತಂದು ನಿಲ್ಲಿಸಬೇಕು, ತಾನೇ ಇಳಿಯಬೇಕು, ಬಾಗಿಲನ್ನು ಜೋರಾಗಿ ಬಡಿಯಬೇಕು. ಶಾಂತಲಿಂಗಪ್ಪ ಬೆಳಿಗ್ಗೆಯೇ ಮೂರು ಸಲ ಬಾಗಿಲು ಬಡಿದು ನೋಡಿದ್ದ.

ನೀಲಾಬಾಯಿ ಬಲಗಡೆ ಕುಳಿತಳು. ಅಕ್ಕನಿಗೆಂದು ಮಾಡಿದ ಹೋಳಿಗೆಯ ದುಂಡನೆಯ ಹಿತ್ತಾಳೆ ಪರಾತವನ್ನು ತುಪ್ಪ ಚೆಲ್ಲದಂತೆ ಎರಡೂ ಕೈಯಿಂದ ಎದೆಯ ಮುಂದೆ ಹಿಡಿದಳು. ಗಾಡಿ ತಿರುಗಿದತ್ತ ಪರಾತವನ್ನೂ ಅಷ್ಟೇ ವಾಲಿಸುತ್ತ, ದೃಷ್ಟಿ ಮುಂದಿಟ್ಟು ಕುಳಿತಳು.

ಊರು ದಾಟುತ್ತಲೇ ಹೊಲದ ಮಂದಿ ಕೈ ಬೀಸತೊಡಗಿದರು. ಶಾಂತಲಿಂಗಪ್ಪನ ಎದೆ ಉಬ್ಬಿತು. ವಳಸಂಗದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಮುದುಕ ಓಡೋಡಿ ಬಂದ. ಶಾಂತಲಿಂಗಪ್ಪ ಗಂಟಲು ಸರಿಪಡಿಸಿಕೊಂಡ. ಮುದುಕ ಸುತ್ತು ಹಾಕಿ ಬಲಗಡೆಯ ಕಿಡಕಿಗೆ ಹೋಗಿ ಕೈ ಮುಗಿದ.

"ಭಲೆ ನಮ್ಮವ್ವಾ! ಇಂಥಾ ಗಾಡಿ ಹೆಣ್ಣಮಗಳು ಹೊಡ್ಯೂದು ಈ ಜನ್ಮದಾಗ ನೋಡ್ದೆ!"

"ಅಜ್ಜಾ, ಹೊಡ್ಯಾಂವ ನಾನು!" ಎಂದು ಶಾಂತಲಿಂಗಪ್ಪ ಕೂಗಿದ.

"ಹೌದ್ರಿ, ಹೌದ್ರಿ," ಎಂದ ಮುದುಕ, ಹಟ ಮಾಡುವ ಕೂಸಿಗೆ ಹೇಳುವಂತೆ. ಅಷ್ಟರಲ್ಲಿ ಎಸ್ಟಿ ಬಸ್ಸೊಂದು ಇವರನ್ನು ಹಿಂದೆ ಹಾಕಿತು. ಕಂಡಕ್ಟರ್ ಕಿಡಕಿಯಿಂದ ಅರ್ಧ ಹೊರಬಂದು, "ಶಾಬ್ಬಾಸ್ ಬಾಯಿಸಾಹೇಬ!" ಎಂದು ಚೀರಿದ.

ಬಸ್ಸಿಗಿಂತ ಮೊದಲು ಸುದ್ದಿ ಅಕ್ಕಲಕೋಟೆ ಮುಟ್ಟಿತೋ, ಸುದ್ದಿಗಿಂತ ಮೊದಲು ಬಸ್ಸೋ. ಇವರು ಹೋಗುವಷ್ಟರಲ್ಲಿ ಭೀಮಶಾನ ಓಣಿಯಲ್ಲಿ ನಲವತ್ತು ಹೆಂಗಸರು ಆರತಿ ಹಿಡಿದು ನಿಂತಿದ್ದರು. ನೀಲಾಬಾಯಿಯನ್ನು ಇಳಿಸಿ ಕುಂಕುಮ ಹಚ್ಚಿ ಮಾಲೆ ಹಾಕಿದರು. ಶಾಂತಲಿಂಗಪ್ಪ ಎಡಗಡೆಯಿಂದ ಇಳಿದು ಬಾಗಿಲನ್ನು ಜೋರಾಗಿಯೇ ಬಡಿದ. ಯಾರೂ ಹೊರಳಿ ನೋಡಲಿಲ್ಲ. ಒಬ್ಬಳು ಮಾತ್ರ ಹೋಳಿಗೆ ತೆಗೆದುಕೊಂಡು ಖಾಲಿ ಪರಾತವನ್ನು ಅವನ ಕೈಗಿತ್ತಳು.

ಭೀಮಶಾ ಗಾಡಿಯೊಳಗೆ ಇಣುಕಿ ಸ್ಟೇರಿಂಗು ಎಲ್ಲಿದೆಯೆಂದು ನೋಡಿದ. ಅವನಿಗೆ ಎಲ್ಲಾ ತಿಳಿಯಿತು. ಆದರೂ ಮೀಸೆಯೊಳಗೇ ನಕ್ಕು, "ಇರ್ಲಿ ಬಿಡ್ರಿ ಸಾಹುಕಾರ್ರ, ಹೆಂಡ್ತಿ ಗಾಡ್ಯಾಗ ಕುಂದರೂದೂ ಒಂದು ಭಾಗ್ಯನ," ಎಂದ.

ಶಾಂತಲಿಂಗಪ್ಪನ ಕಿವಿ ಗಾಡಿಗಿಂತ ಕೆಂಪಾದವು. "ಎಲ್ಲಾರೂ ಕೇಳ್ರಿ!" ಎಂದು ಕಟ್ಟೆ ಹತ್ತಿದ. "ಇಕಿಗೆ ಗಾಡಿ ಚಾಲೂ ಮಾಡ್ಲಿಕ್ಕೂ ಬರೂದಿಲ್ಲ. ಇಕಿ ಇದನ್ನ ನಾಕ ಮಾರು ಮುಂದ ಒಯ್ದ್ರ, ಸೊಲ್ಲಾಪುರತನಾ ಇಕೀನ ಹೊಡೀಲಿ. ನಾ ಬಾಜೂಕ ಗಪ್ಪಗ ಕೂಡ್ತೀನಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಬಾಯಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಯಾಕ ನಗ್ತೀರಿ ವೈನಿ?" ಎಂದ ಶಾಂತಲಿಂಗಪ್ಪ.

"ನಮ್ಮ ತವರು ಹನ್ನೂರಾಗ ಅಪ್ಪ ಒಂದು ಲಢಾಯಿ ಜೀಪ ತಂದಿದ್ರಲ್ರೀ, ಮಿಲ್ಟ್ರಿಯವ್ರು ಹರಾಜು ಹಾಕಿದ್ದು. ಅದೂ ಅಮೇರಿಕಾದ್ದ, ಅದಕ್ಕೂ ಎಡಗಡೀನ ಸ್ಟೇರಿಂಗು. ಅದನ್ನ ಹೊಡ್ಕೊಂಡು ಹೊಲಕ್ಕ ಬುತ್ತಿ ಒಯ್ಯಾಕಿ ಇಕೀನ."

ಶಾಂತಲಿಂಗಪ್ಪ ಹೆಂಡತಿಯ ಮುಖ ನೋಡಿದ. "ನನಗ ಒಂದಿನಾನೂ ಹೇಳ್ಲಿಲ್ಲಲ್ಲ ನೀ?"

"ನೀವು ಯಾವಾಗ ಕೇಳಿದ್ರಿ?" ಎಂದಳು ನೀಲಾಬಾಯಿ. ಸೆರಗು ಸಿಕ್ಕಿಸಿಕೊಂಡು ಎಡಗಡೆ ಹತ್ತಿ ಕುಳಿತಳು. ಎಂಟೂ ಸಿಲಿಂಡರು ಗುಡುಗಿದವು. ಗಾಡಿ ಓಣಿಯ ತುದಿಯವರೆಗೆ ಹೋಗಿ, ಒಂದು ಕೋಳಿಯನ್ನೂ ಹೆದರಿಸದೆ ಹಿಂದೆ ಹಿಂದೆ ಬಂದು, ಶಾಂತಲಿಂಗಪ್ಪನ ಚಪ್ಪಲಿಯ ಮುಂದೆ ನಿಂತಿತು. ಹಿಂದೆ ತರುವುದು ಅವನಿಗೇ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ.

ಭೀಮಶಾ ಬಲಗಡೆಯ ಬಾಗಿಲು ತೆರೆದು, ಬಾಗಿ, "ಬರ್ರಿ ಸಾಹುಕಾರ್ರ," ಎಂದ.

ಊಟ ಉಂಡದ್ದೂ ಅವನಿಗೆ ನೆನಪಿಲ್ಲ. ಇಳಿಹೊತ್ತಿಗೆ ಹೊರಟರು. ಶಾಂತಲಿಂಗಪ್ಪ ತಲೆಯ ಪಟಗವನ್ನು ಹಣೆಯವರೆಗೆ ಎಳೆದು, ಸೀಟಿನಲ್ಲಿ ಅಡಗಿ ಕುಳಿತ. ನೀಲಾಬಾಯಿ ಹೊಡೆಯುತ್ತಿದ್ದಳು. ಗಾಡಿ ಅವನ ಕೈಯಲ್ಲಿ ಕುಣಿದಂತೆ ಕುಣಿಯುತ್ತಿರಲಿಲ್ಲ, ಸಾಬೂನು ಹಚ್ಚಿದಂತೆ ಜಾರುತ್ತಿತ್ತು. ಅದೂ ಒಂದು ಸಂಕಟ.

ಎರಡು ಮೈಲು ಹೋಗಿರಬೇಕು. ರಸ್ತೆಬದಿಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದವನೊಬ್ಬ ಕೂಗಿದ: "ನೋಡ್ರೋ, ಸಾಹುಕಾರ್ರು ಸ್ವತಾ ಹೊಡ್ಯಾಕತ್ತಾರ! ಏನು ಸಫಾಯಿ ಕೈ!"

ಶಾಂತಲಿಂಗಪ್ಪ ಮೆಲ್ಲಗೆ ಪಟಗ ಮೇಲೆ ಸರಿಸಿದ. ಮುಂದಿನ ಹೊಲದಲ್ಲಿ ಮತ್ತಿಬ್ಬರು ನಮಸ್ಕಾರ ಮಾಡಿದರು. ಬೆನ್ನು ನೆಟ್ಟಗಾಯಿತು. ವಳಸಂಗದ ಹತ್ತಿರ ಬರುವಷ್ಟರಲ್ಲಿ ಅವನು ಒಂದು ಕೈಯಿಂದ ಸಲಾಮು ಪಡೆಯುತ್ತಿದ್ದ. ಚಹಾದಂಗಡಿಯ ಮುಂದಿನ ಮಂದಿ ಒಟ್ಟಿಗೇ ಎದ್ದು ನಿಂತಾಗ ಎರಡೂ ಕೈ ಎತ್ತಿ ಮುಗಿದ.

ಪೀ ಎಂದು ಸೀಟಿ ಹೊಡೆಯಿತು.

"ಗಾಡಿ ಬಾಜೂಲಾ ಘ್ಯಾ!" ಹವಾಲ್ದಾರನೊಬ್ಬ ರಸ್ತೆಯ ಬಲಬದಿಯ ಬೇವಿನ ಮರದಡಿಯಿಂದ, ಗಾಡಿ ಬದಿಗೆ ತರುವಂತೆ ಕೈ ಬೀಸಿದ. ನೀಲಾಬಾಯಿ ನಿಲ್ಲಿಸಿದಳು. ಅವಳ ಮುಖ ಸಣ್ಣದಾಯಿತು. "ಏನ್ರೀ, ನನ್ನ ಹತ್ರ ಲೈಸನ್ಸ್ ಇಲ್ಲ!"

ಶಾಂತಲಿಂಗಪ್ಪ ತಾನೇ ಇಳಿದು ಮರದ ಹತ್ತಿರ ನಡೆದ. ಮಂದಿ ಸುತ್ತುವರಿಯಿತು.

"ಎರಡೂ ಕೈ ಬಿಟ್ಟು ಗಾಡಿ ಹೊಡೀತೀರಿ? ಇದೇನು ಸರ್ಕಸ್ಸೇನ್ರಿ?" ಎಂದ ಹವಾಲ್ದಾರ. "ಹೊಡೀತಿದ್ದವ್ರು ನೀವ ಹೌದಲ್ಲೊ?"

ಅಲ್ಲ ಎಂದರೆ ಹೆಂಡತಿ ಸಿಕ್ಕಿಬೀಳುತ್ತಾಳೆ. ಅಲ್ಲ ಎಂದರೆ ಈ ಮಂದಿಯೂ ನಗುತ್ತಾರೆ. ಆದರೆ ನಿಜ ಹೇಳಬೇಕೆಂದರೆ, ಆ ಪ್ರಶ್ನೆಗಾಗಿ ಅವನು ಇಡೀ ದಿನ ಕಾದಿದ್ದ.

"ಹೌದು," ಎಂದ ಶಾಂತಲಿಂಗಪ್ಪ, ಹೊಲದಾಚೆಯ ಮಂದಿಗೂ ಕೇಳುವಂತೆ. "ನಾನ ಹೊಡೀತಿದ್ದೆ!"

"ಹಂಗಾದ್ರ ಲೈಸನ್ಸ್ ಕೊಡ್ರಿ. ನಾಳೆ ಸೋಮವಾರ ಕೋರ್ಟಿಗೆ ಬಂದು ಬಿಡಿಸ್ಕೊಳ್ರಿ. ಅಲ್ಲೀತನಾ ಗಾಡಿ ಮುಟ್ಟೂಹಂಗಿಲ್ಲ."

ಶಾಂತಲಿಂಗಪ್ಪ ಲೈಸನ್ಸನ್ನು ಬಿರುದಿನಂತೆ ಎತ್ತಿ ಕೊಟ್ಟ.

"ಈಗ ಊರತನಾ ಒಯ್ಯಾವ್ರು ಯಾರು?"

"ನನ್ನ ಹೆಂಡ್ತಿ," ಎಂದ. ಜೀವನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಯಿಂದ ಸಲೀಸಾಗಿ ಬಂತು.

ಹೆಣ್ಣುಮಗಳ ಲೈಸನ್ಸು ಕೇಳುವುದು ಹವಾಲ್ದಾರನಿಗೆ ಹೊಳೆಯಲಿಲ್ಲ. ಶಾಂತಲಿಂಗಪ್ಪ ಬಲಗಡೆ ಹತ್ತಿದ. ನೀಲಾಬಾಯಿ ಎಕ್ಸಲೇಟರು ಒತ್ತಿದಳು. ಐವತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ ಸೀಟಿಯ ಮೇಲೆ ಸೀಟಿ.

"ಹಿಡೀರಿ! ಮತ್ತ ಅಂವನ ಹೊಡ್ಯಾಕತ್ತಾನ!" ಹವಾಲ್ದಾರ ಓಡಿ ಬರುತ್ತಿದ್ದ.

"ನಿಲ್ಲಿಸ್ಲೇನ್ರೀ?" ಎಂದಳು ನೀಲಾಬಾಯಿ.

"ಜರಾ ಸಾವಕಾಶ ಹೊಡಿ," ಎಂದ ಶಾಂತಲಿಂಗಪ್ಪ, ಪಟಗ ಸರಿಪಡಿಸಿಕೊಳ್ಳುತ್ತ. "ಅಂವ ಏನಂತಾನ ಅನ್ನೂದು ಎಲ್ಲಾರಿಗೂ ಕೇಳ್ಸಲಿ."