ಸಿಲೋನಿನ ಕಾಗೆಗೆ ಒಂದು ತುತ್ತು

ನನ್ನ ಹೆಂಡತಿಗೆ ಒಂದು ವಾರ ವಿಶ್ರಾಂತಿ ಕೊಡಬೇಕೆಂದು ನಾನು ತೀರ್ಮಾನಿಸಿದ್ದು ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ. ಅದಕ್ಕೆ ಮೊದಲು ಇಂಥ ಯೋಚನೆ ಗುಬ್ಬಿಯ ನಮ್ಮ ಬೀದಿಯಲ್ಲಿ ಯಾವ ಗಂಡಸಿಗೂ ಬಂದ ದಾಖಲೆಯಿಲ್ಲ!

ಮದುವೆಯಾದಾಗಿನಿಂದ ಜಯಮ್ಮ ನನಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಬಂದವರಿಗೆ ಬಡಿಸಿ, ಕೊನೆಗೆ ತಪ್ಪಲೆಯ ತಳದಲ್ಲಿ ಉಳಿದ ತಣ್ಣನೆಯ ಅನ್ನ ಉಂಡವಳು. ಒಂದು ವಾರವಾದರೂ ಅವಳು ಕುರ್ಚಿಯ ಮೇಲೆ ಕೂತು, ಬೇರೆಯವರು ಬಡಿಸಿದ ಬಿಸಿಯನ್ನವನ್ನು ಎಲ್ಲರಿಗಿಂತ ಮೊದಲು ಉಣ್ಣತಕ್ಕದ್ದು. ಹೀಗೆಂದು ನಾನು ಜಗಲಿಯ ಮೇಲೆ ನಾಲ್ಕು ಜನರ ಮುಂದೆ ಘೋಷಿಸಿಬಿಟ್ಟೆ. ಹೈಸ್ಕೂಲಿನ ಗುಮಾಸ್ತ ನಾನು, ಘೋಷಣೆಗೇನು ಖರ್ಚು?

ಅವಕಾಶವೂ ಒದಗಿತ್ತು. ಭಾಮೈದ ನಂಜುಂಡ ಸಿಲೋನಿನ ಕಡಲತೀರದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಊರಿಗೆ ಬಂದಾಗಲೆಲ್ಲ, "ಮಳೆಗಾಲದಾಗೆ ರೂಮೆಲ್ಲ ಖಾಲಿ ಬಿದ್ದಿರ್ತವೆ ಭಾವ, ಅಕ್ಕನ್ನ ಕರ್ಕೊಂಡು ಬಂದ್ಬುಡಿ" ಎನ್ನುತ್ತಿದ್ದ. ಮಕ್ಕಳನ್ನು ಹಾಗಲವಾಡಿಯ ಅವರ ತಾತನ ಮನೆಯಲ್ಲಿ ಬಿಟ್ಟೆವು. ನಾನು ತುಮಕೂರಿಗೆ ಹೋಗಿ, ಫಾರಿನ್ನಿಗೆ ತಕ್ಕ ಹಾಗೆ ಬೆಲ್ ಬಾಟಂ ಪ್ಯಾಂಟು ಹೊಲಿಸಿಕೊಂಡೆ. ಗುಬ್ಬಿ ಸ್ಟೇಷನ್ನಿನಲ್ಲಿ ನಮಗೆ ಹಾರ ಹಾಕಿದರು. ಎದುರುಮನೆ ರಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹುಷಾರು ಕಣವ್ವ, ನೀರು ಕಾಸಿ ಕುಡೀರಿ" ಎಂದರು. ರಾಮೇಶ್ವರದ ತನಕ ರೈಲು, ಅಲ್ಲಿಂದಾಚೆ ಹಡಗು. ಈಗ ಆ ಹಡಗೂ ಇಲ್ಲ, ರಂಗಮ್ಮನೂ ಇಲ್ಲ.

ಸಮುದ್ರವನ್ನು ಮೊದಲ ಸಲ ಕಂಡ ಜಯಮ್ಮ ಹಣೆಗೆ ಕೈ ಅಡ್ಡ ಹಿಡಿದು ಎಡಬಲ ಕಣ್ಣಾಡಿಸಿದಳು. ಆಮೇಲೆ ಕೇಳಿದಳು:

"ಕುಣಿಗಲ್ ಕೆರೆಗಿಂತ ದೊಡ್ಡದು ಕಣ್ರೀ. ಆದ್ರೆ ಏರಿ ಎಲ್ಲೂ ಕಾಣ್ತಿಲ್ವಲ್ಲ?"

ನಮಗೆ ಕೊಟ್ಟಿದ್ದು ಅಲೆಗಳಿಗೆ ಮುಖ ಮಾಡಿದ ರೂಮು. ಮುಂದೆ ವರಾಂಡ, ಎರಡು ಬೆತ್ತದ ಕುರ್ಚಿ. ಗೋಡೆಯ ಮೇಲೆ, ಪ್ರಾಣಿ ಪಕ್ಷಿಗಳಿಗೆ ಆಹಾರ ಹಾಕಕೂಡದು ಎಂದು ಇಂಗ್ಲಿಷಿನ ಬೋರ್ಡು. ನಾನು ಅದನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿ, ವ್ಯಾಖ್ಯಾನವನ್ನೂ ಸೇರಿಸಿದೆ: "ಇದು ಬಿಳಿಯರಿಗೆ ಹಾಕಿರೋದು ಕಣೇ. ಅವರಿಗೆ ಪ್ರಾಣಿ ಅಂದ್ರೇನು ಗೊತ್ತು? ನಮಗಲ್ಲ."

ಬೇರರ್ ವರಾಂಡಕ್ಕೇ ಹೊಗೆಯಾಡುವ ಅನ್ನ, ಸಾರು ತಂದಿಟ್ಟ. ಜಯಮ್ಮ ಕುರ್ಚಿಯ ಮೇಲೆ ಕೂತಳು. ನನ್ನ ಎದೆ ಉಬ್ಬಿತು. ಅವಳು ಒಂದು ತುತ್ತು ತೆಗೆದು ವರಾಂಡದ ಮೋಟು ಗೋಡೆಯ ಮೇಲಿಟ್ಟು ಕೈಕಟ್ಟಿ ಕೂತುಬಿಟ್ಟಳು.

ಅವಳ ತಾಯಿ ತೀರಿಕೊಂಡ ಮೇಲೆ ಬಂದ ಅಭ್ಯಾಸ ಅದು. ಅಮ್ಮ ಕಾಗೆಯಾಗಿ ಬರುತ್ತಾಳೆಂದು ಅವಳ ನಂಬಿಕೆ. ಕಾಗೆ ಮುಟ್ಟದೆ ತಾನು ಮುಟ್ಟುವುದಿಲ್ಲ. ಗುಬ್ಬಿಯಲ್ಲಾದರೆ ಕಾಗೆ ಕಾಂಪೌಂಡಿನ ಮೇಲೆ ಮೊದಲೇ ಕಾದಿರುತ್ತಿತ್ತು. ಇಲ್ಲಿ ಒಂದೂ ಇಲ್ಲ!

"ಅಮ್ಮಂಗೆ ಇಷ್ಟು ದೂರ ಗೊತ್ತಾಗಲ್ವೇನೋ ಕಣ್ರೀ" ಎಂದಳು ಸಣ್ಣ ದನಿಯಲ್ಲಿ.

ಅನ್ನ ಆರುತ್ತಿತ್ತು. ಅನ್ನದ ಜೊತೆಗೆ ನನ್ನ ಪ್ರತಿಜ್ಞೆಯೂ ಆರುತ್ತಿತ್ತು. ನಾನು ಬೆಲ್ ಬಾಟಂ ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಸಮುದ್ರಕ್ಕೆ ಎದುರಾಗಿ ನಿಂತು ಕೂಗಿದೆ:

"ಕಾ... ಕಾ... ಕಾ...!"

ಮರಳಿನ ಮೇಲೆ ಮಲಗಿದ್ದ ಬಿಳಿಯ ದಂಪತಿಗಳು ಎದ್ದು ಕೂತರು. ಹೆಂಗಸು ನನಗೆ ಭಕ್ತಿಯಿಂದ ಕೈ ಮುಗಿದಳು. ಒಂದು ಕಾಗೆ ಬಂತು. ಜಯಮ್ಮನ ಮುಖ ಅರಳಿತು. ಅದರ ಹಿಂದೆ ಸಿಲೋನಿನ ಸಮಸ್ತ ಕಾಗೆಗಳೂ ಬಂದವು! ಆ ಗದ್ದಲ ಕೇಳಿ ತೆಂಗಿನ ಮರಗಳಿಂದ ಕೋತಿಗಳು ಇಳಿದವು. ಒಂದು ಕೋತಿ ಅನ್ನದ ತಟ್ಟೆ ಎತ್ತಿಕೊಂಡಿತು. ಇನ್ನೊಂದು ರೂಮಿನೊಳಗೆ ಹೋಗಿ, ಮನೆಯಿಂದ ತಂದಿದ್ದ ಚಟ್ನಿಪುಡಿಯ ಡಬ್ಬಿ ತೆಗೆದು ಬಾಯಿ ತುಂಬ ಮುಕ್ಕಿತು.

ಅದಕ್ಕೆ ಗುಬ್ಬಿಯ ಖಾರದ ಪರಿಚಯವಿರಲಿಲ್ಲ.

ಅದು ಕಿರುಚಿತು, ಕುಣಿಯಿತು, ನನ್ನ ಬೆಲ್ ಬಾಟಮ್ಮನ್ನು ಕಿತ್ತುಕೊಂಡು ಮರ ಹತ್ತಿ, ಅದರಿಂದ ನಾಲಿಗೆ ಒರೆಸಿಕೊಳ್ಳತೊಡಗಿತು. ಚೆಲ್ಲಿದ ಅನ್ನದ ವಾಸನೆಗೋ ಏನೋ, ಗಿಡಗಳ ಮರೆಯಿಂದ ಮಾರುದ್ದದ ಪ್ರಾಣಿಯೊಂದು ನಾಲಿಗೆ ಚಾಚುತ್ತಾ ವರಾಂಡ ಹತ್ತಿತು.

"ಮೊಸಳೆ!" ಎಂದು ಕೂಗಿ ನಾನು ರೂಮಿನೊಳಗೆ ಓಡಿ ಮಂಚ ಹತ್ತಿದೆ.

"ಉಡ ಕಣ್ರೀ. ನಮ್ಮೂರ ಹೊಲದಾಗೆ ನೋಡಿಲ್ವಾ? ಇದು ಒಸಿ ಚೆನ್ನಾಗಿ ತಿಂದ್ಕೊಂಡೈತೆ ಅಷ್ಟೇ" ಎಂದು ಜಯಮ್ಮ ಪೊರಕೆ ತಗೊಂಡು ಅದನ್ನು ಅಟ್ಟಿದಳು. ನಾನು ಮಂಚದ ಮೇಲಿಂದಲೇ ಮಾರ್ಗದರ್ಶನ ನೀಡಿದೆ.

ನಂಜುಂಡ ಓಡಿ ಬಂದ.

"ಭಾವ, ಬೋರ್ಡು ಓದ್ಲಿಲ್ವಾ?"

"ಓದಿದೆ."

"ಓದಿ?"

"ನಮಗಲ್ಲ ಅನ್ಕೊಂಡೆ."

ಮಾರನೆಯ ಬೆಳಗ್ಗೆ ಕೋತಿಗಳು ನಮ್ಮ ಬಾಗಿಲಲ್ಲಿ ಹಾಜರು. ನಾವು ಬಾಗಿಲು ತೆಗೆಯದಿದ್ದಾಗ ಬಿಳಿಯರ ಬ್ರೆಡ್ಡಿಗೆ ಹೋದವು. "ಹಿಂಗೇ ಆದ್ರೆ ಮ್ಯಾನೇಜರ್ ನನ್ನೂ ನಿಮ್ ಜೊತೇಲೇ ಹಡಗು ಹತ್ತಿಸ್ತಾನೆ ಭಾವ" ಎಂದು ನಂಜುಂಡ ಅಳುವುದೊಂದು ಬಾಕಿ. ನಮ್ಮನ್ನು ಅಡುಗೆಮನೆಯ ಹಿಂದಿನ, ತೆಂಗಿನಕಾಯಿ ತುಂಬಿದ ಕೋಣೆಗೆ ಸಾಗಿಸಲಾಯಿತು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಕೋತಿಗಳೂ ನಮ್ಮ ಹಿಂದೆಯೇ ಬಂದವು. ಅವಕ್ಕೆ ಹೆದರಿ ಬೇರರ್ ಆ ಕಡೆ ಕಾಲಿಡಲಿಲ್ಲ.

ಹೀಗಾಗಿ ಉಳಿದ ದಿನಗಳೆಲ್ಲ ಒಂದೇ ಕ್ರಮ. ನಾನೇ ಅಡುಗೆಮನೆಗೆ ಹೋಗಿ ಬಿಸಿಯನ್ನ ತರುವುದು. ಜಯಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂರುವುದು. ನಂಜುಂಡ ಕೈಮುಗಿದು ಬೇಡಿಕೊಂಡಂತೆ, ತುತ್ತನ್ನು ದೂರದ ಹೊರಗೋಡೆಯ ಮೇಲೆ ಸದ್ದಿಲ್ಲದೆ ಇಟ್ಟು ಬರುವುದು. ಒಂದೇ ಒಂದು ಕಾಗೆ ಬಂದು ಅದನ್ನು ತಿನ್ನುವುದು. ಆಮೇಲೆ ಅವಳು ಉಣ್ಣುವುದು, ನಾನು ಕೋಲು ಹಿಡಿದು ಕೋತಿ ಕಾಯುವುದು!

"ಇನ್ನೊಂಚೂರು ಸಾರು" ಎನ್ನುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದೆ. ಕೈಮುಗಿದಿದ್ದ ಆ ಬಿಳಿ ಹೆಂಗಸು ನನ್ನದೊಂದು ಫೋಟೋ ತೆಗೆದಳು. ಯಾವ ದೇಶದ ಯಾವ ಆಲ್ಬಮ್ಮಿನಲ್ಲಿ ನಾನು ಇವತ್ತಿಗೂ ಕೋಲು ಹಿಡಿದು ನಿಂತಿದ್ದೇನೋ! ಆ ಮೆಟ್ಟಿಲ ಮೇಲೆ ಕೂತ ಜಯಮ್ಮನ ಮುಖ ಮಾತ್ರ ನನಗೆ ಫೋಟೋ ಇಲ್ಲದೆಯೂ ನೆನಪಿದೆ. ಅಷ್ಟು ನಿಧಾನವಾಗಿ ಅವಳು ಉಂಡದ್ದನ್ನು ನಾನು ಕಂಡಿರಲೇ ಇಲ್ಲ.

ಗುಬ್ಬಿಗೆ ಇಳಿದ ಕೂಡಲೇ ರಂಗಮ್ಮ ಕೇಳಿದರು, "ಫಾರಿನ್ನು ಹೆಂಗಿತ್ತವ್ವ?"

"ಬೋ ಚೆನ್ನಾಗಿತ್ತು. ನಮ್ಮನೆಯವ್ರು ಅಲ್ಲಿ ಕೋತಿ ಕಾಯ್ತಿದ್ರು."

ಸಂಜೆಯೊಳಗೆ ಸುದ್ದಿ ಊರು ಸುತ್ತಿತು. "ಪರ್ಮನೆಂಟಾ ಸಾಮಿ, ಟೆಂಪ್ರವರಿನಾ?" ಎಂದು ಕಂಡಕಂಡವರೆಲ್ಲ ವಿಚಾರಿಸಿದರು.

ಮಾರನೆಯ ಮಧ್ಯಾಹ್ನ ನಾನು ಎಂದಿನಂತೆ ಮೊದಲು ಎಲೆ ಮುಂದೆ ಕೂತೆ. ಜಯಮ್ಮ ಬಡಿಸಿದಳು. ಉಂಡು ಕೈತೊಳೆದು ಬಂದಾಗ ಅವಳು ಕಿಟಕಿಯಾಚೆ ಕಾಂಪೌಂಡು ನೋಡುತ್ತಾ ನಿಂತಿದ್ದಳು.

"ಏನು ನೋಡ್ತಿದ್ದೀಯ? ಕಾಗೆ ಆಗಲೇ ತಿಂದು ಹೋಯ್ತಲ್ಲ?"

"ಕಾಗೆ ಅಲ್ಲ ಕಣ್ರೀ. ಇಲ್ಲೂ ಒಂದು ಕೋತಿ ಇದ್ದಿದ್ರೆ, ನಾನೂ ಬಿಸಿಯನ್ನ ಉಣ್ತಿದ್ದೆ ಅನ್ಕೊಂಡೆ."

ಆಮೇಲೆ ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ಇದೆ ಬಿಡಿ ಒಂದು. ಆದ್ರೆ ಅದು ಮೊದಲೇ ಉಂಡ್ಬುಡ್ತದೆ!"